ಎಲ್ಲಿಂದ ಬಂದೆ ಅಂತ ಪುಟ ಕೇಳಬಾರದು

ಒಂದು ಮಧ್ಯಾಹ್ನ ಇಳಕಲ್ಲಿನಿಂದ ಫೋನ್ ಬಂತು. ಅಲ್ಲಿನ ಒಬ್ಬ ಸೀರೆ ವ್ಯಾಪಾರಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಜಾವಾದಲ್ಲಿ, ವೆಬ್ ಪುಟಗಳನ್ನು ಕಟ್ಟುವ ಅಪಾಚೆ ವಿಕೆಟ್ ಎಂಬ ಫ್ರೇಮ್‌ವರ್ಕ್ ಬಳಸಿ.

"ಸರ್ರ, ಊಟ ಮಾಡಿ ಬರೂದ್ರಾಗ ಬಿಲ್ ಹಾರಿ ಹೋಗೇತ್ರಿ. ಏನೋ ಎಕ್ಸ್‌ಪೈರ್ಡ್ ಅಂತ ಬರಾಕತ್ತೈತಿ."

"ಎಷ್ಟೊತ್ತು ಹೋಗಿದ್ರಿ ಸಾವ್ಕಾರ್ರ?"

"ಒಂದ್ ತಾಸು ಆಗಿರಬೇಕ್ರಿ."

ಟಾಮ್‌ಕ್ಯಾಟ್ ಸರ್ವರಿನಲ್ಲಿ ನಾವು ಏನೂ ಬದಲಿಸದಿದ್ದರೆ ಸೆಷನ್, ಅಂದರೆ ಬಳಸುವವರ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪು, ಸುಮ್ನೆ ಬಿಟ್ಟರೆ ಇರುವುದು 30 ನಿಮಿಷ. ಅದನ್ನು ಎರಡು ತಾಸಿಗೆ ಏರಿಸಿ ಸುಮ್ನೆ ಕೂಡಬಹುದಿತ್ತು. ಆದರೆ ಬಾಗಲಕೋಟೆ ನವನಗರದ ನನ್ನ ಆಫೀಸಿನಲ್ಲಿ ಕೂತು ಕೋಡ್ ತೆರೆದಾಗ ಗೊತ್ತಾಯಿತು, ತಪ್ಪು ಇದ್ದದ್ದು ನಾನು ಪುಟಗಳನ್ನು ಕಟ್ಟಿದ ರೀತಿಯಲ್ಲೇ.

ಹೆಸರು, ಫೋನು, ಜಿಎಸ್‌ಟಿ ನಂಬರು ತುಂಬುವ ಪುಟವೊಂದಿದೆ. ಗಿರಾಕಿಗೂ ಅದೇ ಬೇಕು, ಸಗಟು ವ್ಯಾಪಾರಿಗೂ ಅದೇ, ನೂಲು ಕೊಡುವವರಿಗೂ ಅದೇ. ಮೊದಲು ಮೂರು ಕಾಪಿ ಮಾಡಿದ್ದೆ. ಜಿಎಸ್‌ಟಿ ನಂಬರು 15 ಅಕ್ಷರ ಇದೆಯಾ ಎಂದು ನೋಡುವ ಚೆಕ್ ಎರಡರಲ್ಲಿ ಹಾಕಿ ಮೂರನೆಯದನ್ನು ಮರೆತೆ. ಆಮೇಲೆ ಬುದ್ಧಿ ಬಂದು ಒಂದೇ ಪುಟ ಮಾಡಿದೆ. ಆದರೆ ಅದರೊಳಗೆ 'ಬಿಲ್ಲಿನಿಂದ ಬಂದಿದ್ದರೆ ಹೀಗೆ, ಖರೀದಿಯಿಂದ ಬಂದಿದ್ದರೆ ಹಾಗೆ' ಎಂದು ಇಫ್‌ಗಳ ಸಾಲು. ನಾಲ್ಕನೇ ಕಡೆ ಬೇಕಾದಾಗ ಮತ್ತೆ ಇದೇ ಪುಟವನ್ನು ಬಿಚ್ಚಬೇಕು. ಇದನ್ನು ಮರುಬಳಕೆ ಅನ್ನೋಕಾಗಲ್ಲ, ಅಲ್ವಾ?

ಪುಟ ತಾನಾಗಿ 'ಎಲ್ಲಿಂದ ಬಂದೆ' ಎಂದು ಕೇಳಬಾರದು. ಯಾರ ವಿವರ ತೋರಿಸಬೇಕು, ಮುಗಿದ ಮೇಲೆ ಎಲ್ಲಿಗೆ ಕಳಿಸಬೇಕು, ಎರಡನ್ನೂ ಕರೆದವರೇ ಹೇಳಬೇಕು.

ಹೇಗೆ ಹೇಳುವುದು ಎಂಬಲ್ಲೇ ನಾನು ಎಡವಿದ್ದು. ವಿಕೆಟ್‌ನಲ್ಲಿ ಪುಟ ಅಂದರೆ ಒಂದು ಜಾವಾ ಕ್ಲಾಸ್, ಪಕ್ಕದಲ್ಲಿ ಅದೇ ಹೆಸರಿನ ಎಚ್‌ಟಿಎಂಎಲ್ ಫೈಲ್. ಕ್ಲಾಸ್ ಆದ್ದರಿಂದ ಅದನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರಿಗೆ ಏನು ಬೇಕಾದರೂ ಕೊಡಬಹುದು. ನಾನು ಡೇಟಾಬೇಸಿನಿಂದ ತಂದ ಇಡೀ ಆಬ್ಜೆಕ್ಟನ್ನೇ, ಅಂದರೆ ಆ ವ್ಯಕ್ತಿಯ ಎಲ್ಲ ವಿವರವನ್ನೂ, ಕೊಟ್ಟಿದ್ದೆ. ಸೇವ್ ಆದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಬಿಲ್ ಪುಟದೊಳಗೇ ಒಂದು ಹೆಸರಿಲ್ಲದ ಸಬ್‌ಕ್ಲಾಸ್ ಬರೆದಿದ್ದೆ. ನೋಡಲು ಬಹಳ ಚೆಂದ. ಆದರೆ ಜಾವಾದಲ್ಲಿ ಅಂಥ ಒಳಗಿನ ಕ್ಲಾಸ್ ತನ್ನ ಹೊರಗಿನದನ್ನು ಹಿಡಿದುಕೊಂಡೇ ಇರುತ್ತದೆ. ವಿಕೆಟ್ ಪುಟವನ್ನು ಸೀರಿಯಲೈಸ್ ಮಾಡಿ, ಅಂದರೆ ಬೈಟುಗಳ ಸಾಲಾಗಿಸಿ, ಇಡುವಾಗ ವಿವರದ ಪುಟದ ಬಾಲ ಹಿಡಿದು ಇಡೀ ಬಿಲ್ ಪುಟವೂ ಬರುತ್ತದೆ. ಸೈಜ್ ಜಾಸ್ತಿಯಾಗುವುದು ಹೋಗಲಿ, ಹಿಂದಕ್ಕೆ ಹೋದಾಗ ಸಿಗುವುದು ಬಿಲ್ ಪುಟದ ಹಳೇ ನಕಲು. ಹಿಂದಿನ ಪುಟವೇ ಬೇಕೆಂದರೆ ವಿಕೆಟ್‌ನ 1.5ರ ಆವೃತ್ತಿಯಿಂದ ಪೇಜ್‌ರೆಫರೆನ್ಸ್ ಇದೆ. ಅದು ಪುಟದ ನಂಬರನ್ನಷ್ಟೇ ಇಟ್ಟುಕೊಳ್ಳುತ್ತದೆ. ಸೆಷನ್ ಹೋದರೆ ಅದೂ ಹೋಯಿತು, ಆ ಮಾತು ಬೇರೆ.

ಈಗ ಪುಟದ ವಿಳಾಸದ ಜೊತೆ ಹೋಗುವ ಪೇಜ್‌ಪ್ಯಾರಾಮೀಟರ್ಸ್‌ನಲ್ಲಿ ಆ ವ್ಯಕ್ತಿಯ ಐಡಿ ಮಾತ್ರ ಕೊಡುತ್ತೇನೆ. ಆಬ್ಜೆಕ್ಟನ್ನು ಲೋಡೆಬಲ್ ಡಿಟ್ಯಾಚಬಲ್ ಮಾಡೆಲ್ ಎಂಬ ವಿಕೆಟ್ ಕ್ಲಾಸ್ ಬೇಕಾದಾಗ ತರುತ್ತದೆ, ರಿಕ್ವೆಸ್ಟ್ ಮುಗಿದ ಮೇಲೆ ಬಿಟ್ಟುಬಿಡುತ್ತದೆ. ಅಪ್ಲಿಕೇಶನ್ ಕ್ಲಾಸಿನ ಇನಿಟ್ ಮೆಥಡ್‌ನಲ್ಲಿ ಮೌಂಟ್‌ಪೇಜ್ ಎಂದು ಒಂದು ಸಾಲು ಬರೆದರೆ ಪುಟಕ್ಕೆ ಒಂದು ಖಾಯಂ ವಿಳಾಸ (ಯುಆರ್‌ಎಲ್). ಐಡಿ ವಿಳಾಸದಲ್ಲೇ ಇರುವುದರಿಂದ ಸೆಷನ್ ಹೋದರೂ ಪುಟವನ್ನು ಹೊಸದಾಗಿ ಕಟ್ಟಬಹುದು. ಒಂದೇ ಎಚ್ಚರ: ವಿಳಾಸದಲ್ಲಿ 42 ತೆಗೆದು 43 ಹಾಕುವ ಪುಣ್ಯಾತ್ಮರು ಇದ್ದೇ ಇರುತ್ತಾರೆ. ನೋಡುವ ಹಕ್ಕಿದೆಯಾ ಎಂದು ಪುಟ ಪ್ರತಿ ಸಲ ಪರೀಕ್ಷಿಸಲೇಬೇಕು.

ಮೇಲಿನ ಮೆನು, ಅಂಗಡಿಯ ಹೆಸರು ಎಲ್ಲ ಪುಟಕ್ಕೂ ಒಂದೇ. ಅದಕ್ಕೆ ಒಂದು ಮೂಲ ಪುಟ. ಅದರಲ್ಲಿ ವಿಕೆಟ್:ಚೈಲ್ಡ್ ಎಂದು ಜಾಗ ಬಿಟ್ಟರೆ, ಉಳಿದ ಪುಟಗಳು ವಿಕೆಟ್:ಎಕ್ಸ್‌ಟೆಂಡ್ ಒಳಗೆ ತಮ್ಮದನ್ನು ತುಂಬುತ್ತವೆ. ಸಾವ್ಕಾರ್ರಿಗೆ ಇದನ್ನು ಹೇಳಿದಾಗ, "ನಮ್ಮ ಸೀರಿ ಇದ್ದಂಗ ಬಿಡ್ರಿ" ಎಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದಲ್ಲೇ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಅನ್ನಿ, ನೇಯ್ದ ಮೇಲೆ ಸೆರಗು ಬದಲಿಸಲಾಗದು.

ಇನ್ನು ಆ ಹಾರಿಹೋದ ಬಿಲ್. ಮೊದಲ ಸೀರೆ ಸೇರಿಸಿದ ಕೂಡಲೇ ಈಗ ಅದು ಡೇಟಾಬೇಸಿನಲ್ಲಿ ಇನ್ನೂ ಮುಗಿಯದ ಬಿಲ್ ಆಗಿ ಕೂಡುತ್ತದೆ. ಅದರ ನಂಬರು ವಿಳಾಸದಲ್ಲಿ ಇರುತ್ತದೆ. ಸೆಷನ್ ಹೋದಾಗ ಲಾಗಿನ್ ಪುಟ ಬಂದೇ ಬರುತ್ತದೆ. ಪಾಸ್‌ವರ್ಡ್ ಸರಿಯಿದ್ದರೆ ಕಂಟಿನ್ಯೂ ಟು ಒರಿಜಿನಲ್ ಡೆಸ್ಟಿನೇಶನ್ ಎಂಬ ಮೆಥಡ್ ಅವರನ್ನು ಬಿಟ್ಟುಹೋದ ಬಿಲ್ಲಿಗೇ ತಂದು ನಿಲ್ಲಿಸುತ್ತದೆ.