ಸಿವಿಟಿ ಎಂದರೇನು, ಅದು ಕೆಡುವುದೇಕೆ?

ಕಂಟಿನ್ಯುಅಸ್ಲಿ ವೇರಿಯಬಲ್ ಟ್ರಾನ್ಸ್‌ಮಿಶನ್ ಎಂಬ ಉದ್ದನೆಯ ಹೆಸರಿನ ಗಿಡ್ಡ ರೂಪ ಸಿವಿಟಿ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಸಾಗಿಸುವ ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದು. ಒಂದನೇ ಗೇರು, ಎರಡನೇ ಗೇರು ಎಂಬ ಮೆಟ್ಟಿಲುಗಳು ಇದರಲ್ಲಿಲ್ಲ. ಇಂಜಿನ್ ಸುತ್ತಿಗೂ ಚಕ್ರದ ಸುತ್ತಿಗೂ ಇರುವ ಅನುಪಾತ ಜಾರುಬಂಡಿಯಂತೆ ಸಲೀಸಾಗಿ ಬದಲಾಗುತ್ತ ಹೋಗುತ್ತದೆ. ಆಕ್ಟಿವಾ ಓಡಿಸಿದವರೆಲ್ಲ ಇದನ್ನು ಬಳಸಿದವರೇ. ಸ್ಕೂಟರಿನಲ್ಲಿ ಬೆಲ್ಟು ರಬ್ಬರಿನದು, ಇಂದಿನ ಕಾರುಗಳಲ್ಲಿ ಉಕ್ಕಿನದು.

ಒಳಗಿರುವುದು ಎರಡು ಪುಲ್ಲಿ: ಒಂದು ಇಂಜಿನ್ ಕಡೆಗೆ, ಇನ್ನೊಂದು ಚಕ್ರದ ಕಡೆಗೆ. ಪ್ರತಿ ಪುಲ್ಲಿಯೂ ಎದುರುಬದುರು ನಿಂತ ಎರಡು ಶಂಕುಗಳು. ಅವು ಹತ್ತಿರ ಸರಿದರೆ ಬೆಲ್ಟು ಅಂಚಿನತ್ತ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಕಾರು ಹೊರಡುವಾಗ ಇಂಜಿನ್ ಪುಲ್ಲಿಯಲ್ಲಿ ಬೆಲ್ಟಿನ ಸುತ್ತು ಚಿಕ್ಕದು, ಚಕ್ರದ ಪುಲ್ಲಿಯಲ್ಲಿ ದೊಡ್ಡದು. ವೇಗ ಏರಿದಂತೆ ಇದು ತಿರುವುಮುರುವಾಗುತ್ತದೆ. ಸ್ಕೂಟರಿನಲ್ಲಿ ಶಂಕುವನ್ನು ತಳ್ಳುವುದು ರೋಲರ್‌ಗಳು. ಕಾರಿನಲ್ಲಿ ಆಯಿಲ್ ಒತ್ತಡ.

ಉಕ್ಕಿನ ಬೆಲ್ಟನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಾಗದದಷ್ಟು ತೆಳುವಾದ ಪಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿದ ಎರಡು ಬಳೆಗಳು; ಅವಕ್ಕೆ ಪೋಣಿಸಿದ ನೂರಾರು ಉಕ್ಕಿನ ಬಿಲ್ಲೆಗಳು. ಬಿಲ್ಲೆಗಳು ಒಂದನ್ನೊಂದು ತಳ್ಳುತ್ತ ಶಕ್ತಿ ಸಾಗಿಸುತ್ತವೆ, ಸೈಕಲ್ ಚೈನಿನಂತೆ ಎಳೆಯುವುದಿಲ್ಲ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟಿನ ಕಾರು ತಂದಿತ್ತು. ಉಕ್ಕಿನ ಬೆಲ್ಟಿನ ಸುಬಾರು ಜಸ್ಟಿ ಬಂದದ್ದು 1987ರಲ್ಲಿ.

ಸಿವಿಟಿಯ ಬಾಳಿಕೆ ನಿಂತಿರುವುದು ಬೆಲ್ಟಿನ ಹಿಡಿತದ ಮೇಲೆ. ಬೆಲ್ಟು ಒಮ್ಮೆ ಜಾರಿದರೆ ಶಂಕುವಿನ ಮೇಲೆ ಗೀರು ಬೀಳುತ್ತದೆ, ಲೋಹದ ಪುಡಿ ಆಯಿಲ್‌ಗೆ ಸೇರುತ್ತದೆ. ಆ ಪುಡಿ ವಾಲ್ವುಗಳಲ್ಲಿ ಸಿಕ್ಕಿ ಒತ್ತಡ ಇಳಿಯುತ್ತದೆ, ಬೆಲ್ಟು ಇನ್ನಷ್ಟು ಜಾರುತ್ತದೆ. ಅಮೆರಿಕದಲ್ಲಿ ನಿಸ್ಸಾನ್ ತನ್ನ 2003ರಿಂದ 2010ರ ಮಾದರಿಗಳ ಸಿವಿಟಿ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ಹಿಗ್ಗಿಸಬೇಕಾಯಿತು. ಹಾಗೆಂದು ಎಲ್ಲ ಸಿವಿಟಿಯೂ ದುರ್ಬಲ ಎನ್ನುವುದು ತಪ್ಪು. ಆಯಿಲ್ ಸರಿಯಾಗಿ ನೋಡಿಕೊಂಡವು ಲಕ್ಷಾಂತರ ಕಿಲೋಮೀಟರ್ ಓಡುತ್ತವೆ.

ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಮೊದಲು ಕೂಗಿ, ವೇಗ ಆಮೇಲೆ ಬರುವುದು ಸಿವಿಟಿಯ ಸ್ವಭಾವ, ಅದಕ್ಕೆ ಹೆದರಬೇಕಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆರ್‌ಪಿಎಂ ಮುಳ್ಳು ತಾನಾಗಿ ಜಿಗಿದರೆ, ಅಥವಾ ನಿಧಾನ ವೇಗದಲ್ಲಿ ಗಾಡಿ ಅದುರಿದರೆ, ತಕ್ಷಣ ತೋರಿಸಿ.

ಕಂಪನಿ ಹೇಳಿದ ಸಿವಿಟಿ ಆಯಿಲನ್ನೇ ಹಾಕಿಸಿ. ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ ಹಾಕಿದರೆ ಉಕ್ಕಿಗೆ ಉಕ್ಕು ಹಿಡಿಯುವುದಿಲ್ಲ. ಟ್ರಾಫಿಕ್ಕಿನಲ್ಲೇ ಓಡುವ ಗಾಡಿಗೆ ಸುಮಾರು 40,000 ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದು. ಮ್ಯಾನ್ಯುಯಲ್ ಅದಕ್ಕೂ ಮೊದಲೇ ಹೇಳಿದ್ದರೆ ಅದರಂತೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಳೆಯ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲೇ ಒಂದಿಷ್ಟು ಉಳಿಯುತ್ತದೆ. ಆದ್ದರಿಂದ ತುಂಬಾ ಕಪ್ಪಾಗಿದ್ದರೆ ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಬದಲಿಸಬೇಕು. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ತಡೆಯಬೇಡಿ, ಬ್ರೇಕ್ ಹಿಡಿಯಿರಿ. ರಿವರ್ಸಿನಿಂದ ಡಿಗೆ ಹಾಕುವ ಮುನ್ನ ಗಾಡಿ ಪೂರ್ತಿ ನಿಲ್ಲಲಿ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಗೇರ್ ಲಿವರಿನ ಎಲ್ ಅಥವಾ ಎಸ್ ಬಳಸಿ.

ಇನ್ನು ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲಿರುವುದು ಇ-ಸಿವಿಟಿ. ಹೆಸರು ಹತ್ತಿರದ್ದಾದರೂ ಅದರಲ್ಲಿ ಪುಲ್ಲಿಯೂ ಇಲ್ಲ, ಬೆಲ್ಟೂ ಇಲ್ಲ; ಹಲ್ಲುಚಕ್ರಗಳ ಒಂದು ಗುಂಪು ಮತ್ತು ಎರಡು ಮೋಟರ್ ಸೇರಿ ಅನುಪಾತ ಬದಲಿಸುತ್ತವೆ. ಬೆಲ್ಟು ಜಾರುವ ಭಯ ಅದಕ್ಕಿಲ್ಲ.