ಓದಬಹುದು, ಆಡಬಾರದು: ಡೆಲ್ಫೀನ್ ನಾಟಕ ನಿಂತ ಕಥೆ

1839ರಲ್ಲಿ ಪ್ಯಾರಿಸ್‌ನ ಕೊಮೆದಿ ಫ್ರಾನ್ಸೇಸ್ ರಂಗಮಂದಿರ 'ಪತ್ರಕರ್ತರ ಶಾಲೆ' ಎಂಬ ನಾಟಕವನ್ನು ಒಪ್ಪಿಕೊಂಡಿತು. ಬರೆದವರು ಡೆಲ್ಫೀನ್ ದ ಜಿರಾರ್ಡಾನ್. ಆದರೆ ಸರ್ಕಾರದ ಸೆನ್ಸಾರ್ ಅದಕ್ಕೆ ತಡೆ ಹಾಕಿತು. ಅದೇ ನಾಟಕ ಪುಸ್ತಕವಾಗಿ ಅಚ್ಚಾಗಿ ಹೊರಬಂದಾಗ ಮಾತ್ರ ಅಡ್ಡಿಯಾಗಲಿಲ್ಲ. ಓದಬಹುದು, ಆಡಬಾರದು ಅಂದರೆ ಏನರ್ಥ?

ಇದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1830ರ ಕ್ರಾಂತಿಯ ನಂತರ ಬಂದ ಸಂವಿಧಾನ, ಸೆನ್ಸಾರ್ ಇನ್ನೆಂದೂ ಮರಳುವುದಿಲ್ಲ ಎಂದು ಮಾತು ಕೊಟ್ಟಿತ್ತು. ಆದರೂ 1832ರಲ್ಲಿ ಸಾಹಿತಿ ವಿಕ್ಟರ್ ಹ್ಯೂಗೋ ಅವರ ನಾಟಕವೊಂದನ್ನು ಸರ್ಕಾರ ಒಂದೇ ಪ್ರದರ್ಶನಕ್ಕೆ ನಿಲ್ಲಿಸಿತು. ಅವರು ಕೋರ್ಟಿಗೆ ಹೋಗಿ ಸೋತರು. 1835ರ ಜುಲೈ 28ರಂದು ಫಿಯೆಸ್ಕಿ ಎಂಬಾತ ರಾಜ ಲೂಯಿ ಫಿಲಿಪ್‌ನ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ. ಅವನ ಯಂತ್ರದಲ್ಲಿ ಸಾಲಾಗಿ ಜೋಡಿಸಿದ 25 ಬಂದೂಕಿನ ನಳಿಗೆಗಳಿದ್ದವು. ರಾಜ ಉಳಿದುಕೊಂಡ, ಸುತ್ತಲಿದ್ದವರಲ್ಲಿ ಹಲವರು ಸತ್ತರು. ಸೆಪ್ಟೆಂಬರ್‌ನಲ್ಲೇ ಹೊಸ ಕಾನೂನು ಬಂತು: ಯಾವ ನಾಟಕಕ್ಕೂ ಮೊದಲೇ ಅನುಮತಿ ಬೇಕು. ಸರ್ಕಾರದ ವಾದ ಇಷ್ಟೇ. ಅಚ್ಚಾದದ್ದು ಅಭಿಪ್ರಾಯ, ರಂಗದ ಮೇಲೆ ಬಂದದ್ದು ಕೃತ್ಯ. ಸಂವಿಧಾನ ಕಾಪಾಡುವುದು ಅಭಿಪ್ರಾಯವನ್ನು ಮಾತ್ರ! ಕೊಟ್ಟ ಮಾತು ತಪ್ಪಲು ಹುಡುಕಿದ ದಾರಿ ಇದು ಅಂತಲೇ ನನಗನಿಸುತ್ತದೆ.

ಡೆಲ್ಫೀನ್ ಹುಟ್ಟಿದ್ದು 1804ರಲ್ಲಿ. ತಾಯಿ ಸೋಫಿ ಗೇ ಕೂಡ ಬರಹಗಾರ್ತಿ. ಗಂಡ ಎಮಿಲ್ 1836ರಲ್ಲಿ 'ಲಾ ಪ್ರೆಸ್' ಪತ್ರಿಕೆ ಶುರು ಮಾಡಿದರು. ಉಳಿದ ಪತ್ರಿಕೆಗಳ ವರ್ಷದ ಚಂದಾ 80 ಫ್ರಾಂಕ್ ಇದ್ದಾಗ ಇವರದು 40. ಕೊರತೆ ತುಂಬಿದ್ದು ಜಾಹೀರಾತು. ಈ ಪತ್ರಿಕೆಯಲ್ಲಿ ಡೆಲ್ಫೀನ್ 'ವಿಕೌಂಟ್ ದ ಲೋನೇ' ಎಂಬ ಗಂಡಸಿನ ಹೆಸರಿನಲ್ಲಿ 1848ರವರೆಗೆ ಪ್ಯಾರಿಸ್ ಸುದ್ದಿ ಬರೆದರು. ಫ್ಯಾಶನ್, ನಾಟಕ, ಹೊಸದಾಗಿ ಬಂದ ರೈಲು, ಏನನ್ನೂ ಬಿಡಲಿಲ್ಲ.

ಅಂದರೆ ಪತ್ರಿಕೆಯ ಒಳಮನೆ ಕಂಡವರು ಆ ನಾಟಕ ಬರೆದದ್ದು. ಕುಡಿದು ಮಜಾ ಮಾಡುವ ಪತ್ರಕರ್ತರು ಸುಮ್ನೆ ಬರೆದ ಒಂದು ಸುದ್ದಿ ಮಂತ್ರಿಯೊಬ್ಬರ ಸಂಸಾರವನ್ನೇ ಕದಡುತ್ತದೆ. ಆ ಮಂತ್ರಿಯಲ್ಲಿ ಜನ ಆಗಿನ ಹೆಸರಾಂತ ರಾಜಕಾರಣಿ ತಿಯೇರ್ ಅವರನ್ನು ಗುರುತಿಸುವಂತಿತ್ತು. ಗಂಡನೇ ಪತ್ರಿಕೆ ನಡೆಸುವಾಗ ಹೀಗೆ ಬರೆಯಲು ಧೈರ್ಯ ಬೇಕು, ಅಲ್ವಾ? ರಂಗ ಸಿಗದಿದ್ದಾಗ ಡೆಲ್ಫೀನ್ ತಮ್ಮ ಮನೆಯಲ್ಲೇ ಸಾಹಿತಿಗಳನ್ನು ಕೂಡಿಸಿ ನಾಟಕ ಓದಿದರು.

ಆಮೇಲೆ ಅವರ 'ಜೂಡಿತ್', 'ಕ್ಲಿಯೋಪಾತ್ರ' ರಂಗಕ್ಕೆ ಬಂದವು. ಎರಡರಲ್ಲೂ ಹೆಸರಾಂತ ನಟಿ ರಾಶೆಲ್ ಅಭಿನಯಿಸಿದರು. 1854ರ ಏಕಾಂಕ 'ಸಂತೋಷವೂ ಹೆದರಿಸುತ್ತದೆ' ತುಂಬಾ ಮೆಚ್ಚುಗೆ ಪಡೆಯಿತು. ಸತ್ತನೆಂದುಕೊಂಡ ಮಗ ಬದುಕಿದ್ದಾನೆ ಎಂಬ ಸುದ್ದಿಯನ್ನು ತಾಯಿಗೆ ಆಘಾತವಾಗದಂತೆ ಹೇಳುವುದು ಹೇಗೆ ಎನ್ನುವುದೇ ಅದರ ಕಥೆ. ಮರುವರ್ಷ ಡೆಲ್ಫೀನ್ ತೀರಿಕೊಂಡರು.

1848ರ ಕ್ರಾಂತಿ ನಾಟಕದ ಸೆನ್ಸಾರ್ ತೆಗೆಯಿತು, 1850ರಲ್ಲಿ ಮತ್ತೆ ಬಂತು. 1881ರ ಕಾನೂನು ಪತ್ರಿಕೆಗಳಿಗೆ ಬಿಡುಗಡೆ ಕೊಟ್ಟರೂ ನಾಟಕಕ್ಕೆ ಕೊಡಲಿಲ್ಲ. ನಾಟಕದ ಸೆನ್ಸಾರ್ ಕೊನೆಗೊಂಡಿದ್ದು 1906ರಲ್ಲಿ, ಸೆನ್ಸಾರ್ ಅಧಿಕಾರಿಗಳ ಸಂಬಳದ ಹಣವನ್ನು ಸಂಸತ್ತು ಬಜೆಟ್‌ನಿಂದ ತೆಗೆದುಹಾಕಿದಾಗ.