ಬೆಂಕಿ ಬೀಳುವ ಮೊದಲೇ ತೋಡಿದ ಬಾವಿ

ಲಿನಕ್ಸ್‌ನಲ್ಲಿ ಸಿ++ ಕಲಿಯುವವರು ಮೆಮೊರಿ ಬಳಕೆ ಪರೀಕ್ಷಿಸುವ ವಾಲ್‌ಗ್ರೈಂಡ್ ಓಡಿಸಿ, 72,704 ಬೈಟ್ ಇನ್ನೂ ಹಿಡಿದಿಟ್ಟಿದೆ ಎಂಬ ವರದಿ ಕಂಡು ಗಾಬರಿಯಾಗುತ್ತಿದ್ದುದುಂಟು. ತಮ್ಮ ಕೋಡಿನಲ್ಲಿ ಮೆಮೊರಿ ಕೇಳುವ 'ನ್ಯೂ' ಒಂದೂ ಇಲ್ಲ, ಹಾಗಾದರೆ ಇಷ್ಟನ್ನು ಕೇಳಿದವರು ಯಾರು? ಕೇಳಿದ್ದು ಜಿಸಿಸಿ ಕಂಪೈಲರಿನ ಸಿ++ ಲೈಬ್ರರಿ. 2015ರಲ್ಲಿ ಬಂದ 5ನೇ ಆವೃತ್ತಿಯಿಂದ ಅದು ಪ್ರೋಗ್ರಾಂ ಶುರುವಾಗುವಾಗಲೇ ಆಪತ್ಕಾಲಕ್ಕೆಂದು ಒಂದಿಷ್ಟು ಮೆಮೊರಿ ಎತ್ತಿಡುತ್ತದೆ.

ಆ ಆಪತ್ತು ಎಂಥದ್ದೆಂದು ನೋಡಿ. ಮೆಮೊರಿ ಸಿಗದಿದ್ದರೆ ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಫಂಕ್ಷನ್ ಮ್ಯಾಲಾಕ್, ನಲ್ (ಏನೂ ಇಲ್ಲವೆಂಬ ಗುರುತು) ಕೊಟ್ಟು ಸುಮ್ಮನಾಗುತ್ತದೆ. ಸಿ++ನ ನ್ಯೂ ಮಾತ್ರ ಎಕ್ಸೆಪ್ಷನ್, ಅಂದರೆ ತಪ್ಪಾಗಿದೆಯೆಂಬ ಸೂಚನೆ, ಎಸೆಯಬೇಕು. ಎಕ್ಸೆಪ್ಷನ್ ಅನ್ನೂ ಎಲ್ಲೋ ಒಂದು ಕಡೆ ಇಡಬೇಕಲ್ಲ, ಆ ಜಾಗವನ್ನೂ ಮ್ಯಾಲಾಕ್ ಬಳಿಯೇ ಕೇಳಬೇಕು. ಮೆಮೊರಿ ಮುಗಿದಿದೆ ಎಂದು ಹೇಳಲೂ ಮೆಮೊರಿ ಬೇಕು! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪಾಡು ಬೇಡವೆಂದೇ ಮೊದಲೇ ಎತ್ತಿಡುವುದು. 12ನೇ ಆವೃತ್ತಿಯವರೆಗೆ ಎತ್ತಿಡುತ್ತಿದ್ದದ್ದು, 64 ಬಿಟ್ ಯಂತ್ರದಲ್ಲಿ ತಲಾ 1,024 ಬೈಟಿನ 64 ಎಕ್ಸೆಪ್ಷನ್‌ಗಳಿಗೆ 65,536; ಹಿಡಿದಿಟ್ಟ ಎಕ್ಸೆಪ್ಷನ್ ಅನ್ನು ಮತ್ತೆ ಎಸೆಯುವಾಗ ಬೇಕಾಗುವ ಪೂರಕ ದಾಖಲೆಗಳಿಗೆ ತಲಾ 112ರಂತೆ 7,168. ಕೂಡಿದರೆ ಸರಿಯಾಗಿ 72,704.

ಇದೇ ಲೈಬ್ರರಿಯನ್ನು ಚಿಕ್ಕ ಬೋರ್ಡಿಗೆ ಪೋರ್ಟ್ ಮಾಡುವಾಗ, ಅಂದರೆ ಹೊಂದಿಸುವಾಗ, ಲೆಕ್ಕ ತಲೆಕೆಳಗಾಗುತ್ತಿತ್ತು. ಥ್ರೆಡ್ (ಒಟ್ಟಿಗೇ ಓಡುವ ಕೆಲಸಗಳ) ಸೌಲಭ್ಯ ಸೇರಿಸಿ ಕಟ್ಟಿದ 32 ಬಿಟ್ ಲೈಬ್ರರಿಗೆ ಆಗ ಗೊತ್ತುಮಾಡಿದ್ದದ್ದು ತಲಾ 512 ಬೈಟಿನ 32 ಎಕ್ಸೆಪ್ಷನ್, ಅಂದರೆ 16 ಕಿಲೋಬೈಟ್‌ಗೂ ಮೇಲೆ. ಹವ್ಯಾಸಿಗಳ ಕೈಯಲ್ಲಿ ಸದಾ ಕಾಣುವ ಎಸ್‌ಟಿಎಂ32ಎಫ್103ಸಿ8 ಚಿಪ್ಪಿನ ರ‍್ಯಾಮ್ ಇರುವುದೇ 20 ಕಿಲೋಬೈಟ್. ಬೀಜಕ್ಕೆಂದು ಎತ್ತಿಟ್ಟ ಕಾಳೇ ಕಣಜವನ್ನೆಲ್ಲ ತುಂಬಿಕೊಂಡರೆ ಉಣ್ಣುವುದೇನನ್ನು? 2023ರ 13ನೇ ಆವೃತ್ತಿಯಲ್ಲಿ, ಲೈಬ್ರರಿ ಕಟ್ಟುವಾಗಲೇ ಈ ಮೀಸಲನ್ನು ಕಿರಿದು ಮಾಡುವ, ಪೂರ್ತಿ ಬಿಡುವ ಆಯ್ಕೆಗಳು ಬಂದವು. ಬಿಟ್ಟರೆ, ಎಕ್ಸೆಪ್ಷನ್‌ಗೂ ಜಾಗ ಸಿಗದ ಗಳಿಗೆಯಲ್ಲಿ ಪ್ರೋಗ್ರಾಂ ಅಲ್ಲೇ ಮುಗಿಯುತ್ತದೆ. ಇದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಇನ್ನೊಂದು ತೊಡಕು ಇನ್ನೂ ಕೆಳಗಿದೆ. ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ ನ್ಯೂಲಿಬ್. ಅದರ ಮ್ಯಾಲಾಕ್ ಹೊಸ ಜಾಗಕ್ಕಾಗಿ ಎಸ್‌ಬ್ರೇಕ್ ಎಂಬ ಫಂಕ್ಷನ್ ಕರೆಯುತ್ತದೆ. ಅದನ್ನು ಬರೆಯುವುದು ಪೋರ್ಟ್ ಮಾಡುವವರ ಪಾಲು. ಜಾಗವಿಲ್ಲದಿದ್ದರೆ ಅದು -1 ಕೊಡಬೇಕು. ಆಗ ಮಾತ್ರ ಮ್ಯಾಲಾಕ್ ನಲ್ ಕೊಡುತ್ತದೆ, ನ್ಯೂ ಎಕ್ಸೆಪ್ಷನ್ ಎಸೆಯುತ್ತದೆ. ಆದರೆ ನ್ಯೂಲಿಬ್‌ನ ಕೈಪಿಡಿಯಲ್ಲಿರುವ ಮಾದರಿ ಎಸ್‌ಬ್ರೇಕ್, ಮ್ಯಾಲಾಕ್ ಹಂಚುವ ಹೀಪ್ ಬೆಳೆದು, ಫಂಕ್ಷನ್‌ಗಳು ಓಡುವಾಗ ಬಳಸುವ ಸ್ಟ್ಯಾಕಿಗೆ ತಾಗಿದರೆ, 'ಹೀಪ್ ಆ್ಯಂಡ್ ಸ್ಟ್ಯಾಕ್ ಕೊಲಿಶನ್' ಎಂದು ಬರೆದು, ಪ್ರೋಗ್ರಾಂ ಅನ್ನೇ ನಿಲ್ಲಿಸುವ ಅಬಾರ್ಟ್ ಕರೆಯುತ್ತದೆ. ಅದು ಮಾದರಿ ಎಂದೇ ಕೊಟ್ಟದ್ದು. ಅದನ್ನೇ ನಕಲು ಮಾಡಿ ಮುಂದೆ ಹೋದರೆ, ಮೇಲೆ ಎಷ್ಟು ಶ್ರದ್ಧೆಯಿಂದ ನಲ್ ಪರೀಕ್ಷೆ ಬರೆದಿದ್ದರೂ ಆ ಸಾಲುಗಳ ಸರದಿ ಬರುವುದೇ ಇಲ್ಲ. ಪೋರ್ಟ್ ಕೆಲಸದಲ್ಲಿ ನಾನು ಮೊದಲು ತೆರೆದು ನೋಡುವ ಫೈಲ್ ಇದೇ.

ಲಿನಕ್ಸ್‌ನ ಕಥೆ ಬೇರೆ. ಅಲ್ಲಿ ಕರ್ನಲ್ (ವ್ಯವಸ್ಥೆಯ ತಿರುಳು) ತನ್ನ ಕೈಯಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿಗೆ ಹೂಂ ಅನ್ನಬಲ್ಲದು. ಕೊರತೆ ಬಿದ್ದಾಗ ಯಾವುದೋ ಪ್ರೋಗ್ರಾಂ ಅನ್ನು ಕೊಲ್ಲುತ್ತದೆ. ಹಾಗಾಗಿ ನಲ್ ದಾರಿ ಸರಿಯಿದೆಯೇ ಎಂದು ಡೆಸ್ಕ್‌ಟಾಪಿನಲ್ಲಿ ಸುಮ್ಮನೆ ಓಡಿಸಿ ನೋಡಿದರೆ ತಿಳಿಯದು. ಬೇಕೆಂದೇ ಸೋಲುವ ಮ್ಯಾಲಾಕ್ ಇಟ್ಟು ನೋಡಬೇಕು: ಒಮ್ಮೆ ಮೊದಲ ಕೋರಿಕೆ ಸೋಲಲಿ, ಆಮೇಲೆ ಎರಡನೆಯದು, ಮೂರನೆಯದು, ಹೀಗೆ ಕೊನೆಯವರೆಗೆ. ಎಸ್‌ಕ್ಯುಎಲೈಟ್ ತಂಡ ತನ್ನ ಡೇಟಾಬೇಸನ್ನು ಹೀಗೇ ಪರೀಕ್ಷಿಸುತ್ತದೆ.

ನ್ಯೂಲಿಬ್‌ನಲ್ಲೇ ನನಗೆ ತುಂಬಾ ಇಷ್ಟವಾದ ಜಾಗವೊಂದಿದೆ. ಸಂದೇಶ ಬರೆಯುವ ಫಂಕ್ಷನ್ ಪ್ರಿಂಟ್‌ಎಫ್, ಮೊದಲ ಸಲ ಬರೆಯಹೊರಟಾಗ ತನ್ನ ಬಫರಿಗೆಂದು (ಅಕ್ಷರಗಳನ್ನು ಕೂಡಿಡುವ ಜಾಗಕ್ಕೆಂದು) ಮ್ಯಾಲಾಕ್ ಕೇಳುತ್ತದೆ. ಸಿಗಲಿಲ್ಲವೆನ್ನಿ, ಫೈಲ್ ದಾಖಲೆಯೊಳಗೇ ಒಂದೇ ಒಂದು ಬೈಟಿನ ಬಫರ್ ಮೊದಲಿಂದಲೂ ಕಾದಿರುತ್ತದೆ. ಹಾಗಾಗಿ 'ಮೆಮೊರಿ ಇಲ್ಲ' ಎಂಬ ಸಂದೇಶ ಮೆಮೊರಿ ಇಲ್ಲದಾಗಲೂ ಹೊರಗೆ ಬರಬಲ್ಲದು.